ಒತ್ತಿಲ್ಲದ ಅಪ್ಪ

ಎಂಬತ್ತಮೂರಕ್ಕೆ ಬಂದು ಅದು ಮತ್ತೆ ನಿಂತಿತು. ಕಪ್ಪು ಪರದೆಯ ಮೇಲೆ ಇಷ್ಟು ಹೊತ್ತು ಒಂದರ ಹಿಂದೊಂದು ಮೇಲೇರುತ್ತಿದ್ದ ಬಿಳಿ ಸಾಲುಗಳು ತಟ್ಟನೆ ನಿಂತುಬಿಟ್ಟವು. ಕೊನೆಯ ಸಾಲಿನಲ್ಲಿ ಆ ಅಂಕಿ, ಅದರ ಪಕ್ಕದಲ್ಲಿ ಮಿನುಗುವ ಒಂದು ಸಣ್ಣ ಗೆರೆ. ಅವಳು ಉಸಿರು ಬಿಗಿಹಿಡಿದು ಹತ್ತರವರೆಗೆ ಎಣಿಸಿದಳು. ಮತ್ತೆ ಹತ್ತು. ಗೆರೆ ಮಿನುಗುತ್ತಲೇ ಇತ್ತು.

"ಮತ್ತೆ ಅಲ್ಲೇ ಕೂತ್ಕೊಂಡ್ತಲ್ಲಮ್ಮ," ಎಂದ ಅಂಗಡಿಯವನು, ತುಟಿಯಲ್ಲಿ ಕಚ್ಚಿಕೊಂಡಿದ್ದ ಸ್ಕ್ರೂ ತೆಗೆಯದೆಯೇ.

ಹಳೆಯ ಟೀವಿ, ರೇಡಿಯೋ, ಆಟದ ಯಂತ್ರಗಳನ್ನು ರಿಪೇರಿ ಮಾಡುವವನು ಅವನು. ಬಾಯಲ್ಲಿ ಯಾವಾಗಲೂ ಒಂದು ಸ್ಕ್ರೂ ಇರುತ್ತಿದ್ದುದರಿಂದ ಬೀದಿಯವರೆಲ್ಲ ಸ್ಕ್ರೂ ಅಣ್ಣ ಎಂದೇ ಕರೆಯುತ್ತಿದ್ದರು. ಎಂದಾದರೂ ನುಂಗಿಬಿಟ್ಟರೇನು ಗತಿ ಎಂದು ಕೇಳಿದವರಿಗೆ, ಈಗಾಗಲೇ ಎರಡು ನುಂಗಿದ್ದೇನೆ, ಅದಕ್ಕೇ ತಲೆ ಇಷ್ಟು ಗಟ್ಟಿಯಾಗಿರುವುದು ಎನ್ನುತ್ತಿದ್ದ. ಇವತ್ತು ಅವನು ತಮಾಷೆ ಮಾಡಲಿಲ್ಲ. ಅವಳ ಮುಖ ನೋಡಿ, ಎದ್ದು, ತಾನು ಕೂತಿದ್ದ ಬೆನ್ನಿರುವ ಕುರ್ಚಿಯನ್ನು ಅವಳತ್ತ ತಳ್ಳಿ, ತಾನು ಮುಕ್ಕಾಲಿಯ ಮೇಲೆ ಕುಳಿತ.

ಮೇಜಿನ ಮೇಲಿದ್ದದ್ದು ಇಪ್ಪತ್ತೈದು ವರ್ಷ ಹಳೆಯ ವಿಡಿಯೋ ಗೇಮ್ ಪೆಟ್ಟಿಗೆ. ತಯಾರಿಸಿದ ಕಂಪನಿಯೇ ಅದನ್ನು ಮರೆತು ಎಷ್ಟೋ ಕಾಲವಾಗಿತ್ತು. ಆಟ ಬಿಟ್ಟು ಬೇರೇನೂ ನಡೆಯದಂತೆ ಅದರೊಳಗೆ ಬೀಗ ಹಾಕಿಟ್ಟಿದ್ದರು. ಆ ಬೀಗ ತೆಗೆದು, ಒಳಗಿನದನ್ನೆಲ್ಲ ಅಳಿಸಿ, ಎಲ್ಲರಿಗೂ ಮುಕ್ತವಾಗಿ ಸಿಗುವ ಬೇರೊಂದು ಆಪರೇಟಿಂಗ್ ಸಿಸ್ಟಂ ಹಾಕಿದರೆ ಅದೂ ಒಂದು ಸಾಧಾರಣ ಕಂಪ್ಯೂಟರ್ ಆಗುತ್ತದೆ ಎಂದು ಎಲ್ಲೋ ದೂರದ ಒಬ್ಬ ಅಪರಿಚಿತ ಇಂಟರ್ನೆಟ್ಟಿನಲ್ಲಿ ಬರೆದಿದ್ದ. ಅವಳು ಅವನನ್ನು ಹನ್ನೊಂದು ಸಲ ಪ್ರಶ್ನೆ ಕೇಳಿದ್ದಳು. ಹನ್ನೊಂದು ಸಲವೂ ಅವನು ಬೇಸರಿಸದೆ ಉತ್ತರ ಕೊಟ್ಟಿದ್ದ. ಕೊನೆಯ ಸಲ, ನಿಮ್ಮ ತಂದೆಯವರು ಹೇಗಿದ್ದಾರೆ ಎಂದೂ ಕೇಳಿದ್ದ.

ತಂದೆ ಎಂಟು ತಿಂಗಳಿಂದ ಆರೈಕೆ ಕೇಂದ್ರದ ಮೂರನೇ ಮಹಡಿಯಲ್ಲಿ ಮಲಗಿದ್ದ. ಒಂದು ಬೆಳಗ್ಗೆ ಹಲ್ಲುಜ್ಜುತ್ತಿದ್ದವನು ಹಾಗೇ ಗೋಡೆಗೆ ಒರಗಿ ಕುಸಿದಿದ್ದ. ಆಮೇಲೆ ಮಾತಿಲ್ಲ, ಕೈಕಾಲಿಲ್ಲ. ರೆಪ್ಪೆಗಳು ತಮ್ಮಷ್ಟಕ್ಕೆ ಬಡಿಯುತ್ತಿದ್ದವೇ ಹೊರತು ಬಡಿ ಎಂದಾಗ ಬಡಿಯುತ್ತಿರಲಿಲ್ಲ. ಚಿತ್ರಗಳ ಹಲಗೆ ತೋರಿಸಿದರು, ಗಾಜಿನ ಪರದೆಯ ಫೋನನ್ನು ಬೆರಳಿಗೆ ಮುಟ್ಟಿಸಿದರು. ಏನೂ ಆಗಲಿಲ್ಲ. ಹೋದ ತಿಂಗಳು ಅಟ್ಟ ಗುಡಿಸುವಾಗ ಸಿಕ್ಕಿದ ಆಟದ ಜಾಯ್‌ಸ್ಟಿಕ್ಕನ್ನು ಮಗಳು ಸುಮ್ಮನೆ ಅವನ ಬಲಗೈಯೊಳಗಿಟ್ಟಳು. ಅವಳು ಚಿಕ್ಕವಳಿದ್ದಾಗ ಭಾನುವಾರದ ಮಧ್ಯಾಹ್ನಗಳಲ್ಲಿ ಅಪ್ಪ ಮಗಳು ಸೇರಿ ಆಡುತ್ತಿದ್ದದ್ದು ಅದರಲ್ಲೇ. ಹೆಬ್ಬೆರಳು ನಿಧಾನಕ್ಕೆ ಮೇಲೆದ್ದು ಪುಟ್ಟ ಕಡ್ಡಿಯ ಮೇಲೆ ಕೂತಿತು. ಎಡಕ್ಕೆ ಸರಿಯಿತು, ಬಲಕ್ಕೆ ಸರಿಯಿತು, ಕೆಳಗಿನ ಗುಂಡಿಯನ್ನು ಒತ್ತಿತು.

ಅದು ಹಳೆಯ ಅಭ್ಯಾಸ ಅಷ್ಟೇ, ಬುದ್ಧಿ ಇದೆ ಅನ್ನುವುದಕ್ಕೆ ಸಾಕ್ಷಿಯಾಗುವುದಿಲ್ಲ ಎಂದರು ಡಾಕ್ಟರು. ಈ ಶನಿವಾರ ಅವನ ಪರೀಕ್ಷೆ. ಕೇಳಿದ್ದು ಅರ್ಥವಾಗುತ್ತದೆ ಎಂದು ತೋರಿಸಿದರೆ ಇಲ್ಲೇ ಇಟ್ಟುಕೊಂಡು ವ್ಯಾಯಾಮ ಮಾಡಿಸುತ್ತಾರೆ. ಇಲ್ಲವಾದರೆ ಅವತ್ತೇ ನಾಲ್ಕು ಗಂಟೆಗೆ ವ್ಯಾನು ಬಂದು ಊರಾಚೆಯ ಇನ್ನೊಂದು ಮನೆಗೆ ಒಯ್ಯುತ್ತದೆ. ಆ ಮನೆಯನ್ನು ತಾಯಿ ಒಮ್ಮೆ ಹೋಗಿ ನೋಡಿ ಬಂದಿದ್ದಳು. ಚೊಕ್ಕಟವಾಗಿತ್ತಂತೆ. ಸಾಲಾಗಿ ಇಪ್ಪತ್ತು ಮಂಚ. ಹೊತ್ತು ಹೊತ್ತಿಗೆ ಮಗ್ಗುಲು ಬದಲಿಸುತ್ತಾರೆ, ಕೊಳವೆಯಲ್ಲಿ ಆಹಾರ ಬಿಡುತ್ತಾರೆ. "ಯಾರೂ ಯಾರನ್ನೂ ಮಾತಾಡ್ಸಲ್ಲ ಕಣೆ," ಎಂದಷ್ಟೇ ಹೇಳಿ ಅವಳು ಅವತ್ತು ಅಡುಗೆಮನೆಗೆ ಹೋಗಿ ತೊಳೆದಿಟ್ಟ ಪಾತ್ರೆಗಳನ್ನೇ ಮತ್ತೆ ತೊಳೆದಿದ್ದಳು.

ಜಾಯ್‌ಸ್ಟಿಕ್ಕಿನ ತಂತಿ ಆ ಹಳೆಯ ಪೆಟ್ಟಿಗೆಗೆ ಬಿಟ್ಟು ಬೇರೆ ಯಾವುದಕ್ಕೂ ಕೂರುತ್ತಿರಲಿಲ್ಲ. ಹೊಸ ಜಾಯ್‌ಸ್ಟಿಕ್ಕು ಕೊಟ್ಟರೆ ಬೆರಳು ಏಳುತ್ತಿರಲಿಲ್ಲ. ಹಾಗಾಗಿ ಪೆಟ್ಟಿಗೆಯನ್ನೇ ಕಂಪ್ಯೂಟರ್ ಮಾಡಬೇಕಿತ್ತು. ಝೆರಾಕ್ಸ್ ಅಂಗಡಿಯಲ್ಲಿ ಅರ್ಜಿಗಳನ್ನು ಟೈಪ್ ಮಾಡುವ ಅವಳಿಗೆ ಗೊತ್ತಿದ್ದದ್ದು ಸ್ವಲ್ಪ. ಉಳಿದದ್ದು ಸ್ಕ್ರೂ ಅಣ್ಣನದು. ನಾಲ್ಕು ದಿನದಿಂದ ಊಟದ ಬಿಡುವಿನಲ್ಲಿ ಅವಳು ಇಲ್ಲಿಗೆ ಓಡಿ ಬರುತ್ತಿದ್ದಳು. ಬೀಗ ಒಡೆಯುವುದೇ ಎರಡು ದಿನ ಹಿಡಿಯಿತು. ಡಿಸ್ಕ್ ಓದುವ ಕಣ್ಣು ಸೋತುಹೋಗಿ, ಪೆಟ್ಟಿಗೆಯನ್ನು ತಲೆಕೆಳಗು ಮಾಡಿಟ್ಟರೆ ಮಾತ್ರ ಓದುತ್ತಿತ್ತು. ಹೊಸ ಸಿಸ್ಟಂ ಹಾಕಲು ಹೊರಟರೆ ಎಂಬತ್ತಮೂರಕ್ಕೆ ನಿಲ್ಲುತ್ತಿತ್ತು. ಇದು ಮೂರನೆಯ ಸಲ. ಇವತ್ತು ಶುಕ್ರವಾರ.

"ಆಗಲ್ಲ ಅನ್ಸುತ್ತೆ ಅಲ್ವಾಣ್ಣ?" ಎಂದಳು.

ಸ್ಕ್ರೂ ಅಣ್ಣ ಪೆಟ್ಟಿಗೆಯ ಬೆನ್ನಿನ ಮೇಲೆ ಅಂಗೈ ಇಟ್ಟ, ಜ್ವರ ಬಂದ ಮಗುವಿನ ಹಣೆ ಮುಟ್ಟಿ ನೋಡುವವರ ಹಾಗೆ. ಆಮೇಲೆ ಬಾಯಿಂದ ಸ್ಕ್ರೂ ತೆಗೆದು ಜೇಬಿಗೆ ಹಾಕಿಕೊಂಡ.

"ಕಾದುಹೋಗಿದೆ ಪಾಪ. ವಯಸ್ಸಾದೋರಿಗೆ ಒಂದೇ ಸಮ ಕೆಲಸ ಹೇಳಿದ್ರೆ ಇನ್ನೇನಾಗುತ್ತೆ?" ಎಂದು ಮುಚ್ಚಳವನ್ನೇ ಬಿಚ್ಚಿಹಾಕಿದ. ತನ್ನ ತಲೆಯ ಮೇಲಿನ ಹಲಗೆಯಲ್ಲಿ ತಿರುಗುತ್ತಿದ್ದ ಟೇಬಲ್ ಫ್ಯಾನನ್ನು ಇಳಿಸಿ ಅದರ ಮುಂದಿಟ್ಟ. ಆ ಸೆಖೆಯಲ್ಲಿ ಅವನ ಅಂಗಿ ಬೆನ್ನಿಗೆ ಅಂಟಿಕೊಂಡಿತು. ಎಂಬತ್ತಮೂರು, ಎಂಬತ್ತನಾಲ್ಕು. ತೊಂಬತ್ತು ದಾಟಿದಾಗ ಅವಳು ಮುಖವನ್ನು ಸೆರಗಿನಲ್ಲಿ ಒತ್ತಿ ಹಿಡಿದುಕೊಂಡಳು. ಅವನು ನೋಡದವನಂತೆ ಬೇರೆ ಯಾರದೋ ರೇಡಿಯೋ ಬಿಚ್ಚತೊಡಗಿದ.

ಸಿಸ್ಟಮ್ಮಿನ ಜೊತೆಗೆ ಒಂದು ಅಕ್ಷರದ ಮಣೆಯೂ ಬಂತು: ಪರದೆ ತುಂಬ ಚೌಕದ ಮನೆಗಳು, ಒಂದೊಂದು ಮನೆಗೆ ಒಂದೊಂದು ಅಕ್ಷರ. ಕಡ್ಡಿಯನ್ನು ಆಡಿಸಿದರೆ ಒಂದು ಹಳದಿ ಗುರುತು ಮನೆಯಿಂದ ಮನೆಗೆ ದಾಟುತ್ತದೆ, ದಾಟಿದಾಗೆಲ್ಲ ಟಿಕ್ ಎನ್ನುತ್ತದೆ. ಗುಂಡಿ ಒತ್ತಿದರೆ ಆ ಮನೆಯ ಅಕ್ಷರ ಕೆಳಗೆ ಮೂಡುತ್ತದೆ. ಅವಳು ಶಾಲೆಯಲ್ಲಿ ಕಲಿತ ಕ್ರಮದಲ್ಲೇ ಅ, ಆ, ಇ, ಈ ಎಂದು ಮನೆಗಳನ್ನು ತುಂಬಿದಳು. ತುದಿಯಲ್ಲಿ ಗುಣಿತದ ಚಿಹ್ನೆಗಳನ್ನೂ ಒತ್ತಕ್ಷರಗಳನ್ನೂ ಸೇರಿಸಿದಳು. ಮೇಲೆ, ಪರದೆಯ ಅರ್ಧದಷ್ಟು ದೊಡ್ಡದಾಗಿ, ಅಪ್ಪ ಎಂದು ಹಾಕಿದಳು. ಅಷ್ಟು ಹಳೆಯ ಸಿಸ್ಟಮ್ಮಿಗೆ ಕನ್ನಡದ ಅಕ್ಷರ ಕೂಡಿಸುವುದು ಬರುತ್ತಿರಲಿಲ್ಲ. ಪಕಾರದ ಕೆಳಗೆ ಕೂರಬೇಕಾದ ಒತ್ತು ಪಕ್ಕಕ್ಕೆ ಬಂದು ನಿಂತು, 'ಅಪ್‌ಪ' ಎಂದು ಮೂಡಿತು.

ಸರಿ ಮಾಡಬಹುದು, ಇನ್ನೊಂದು ದಿನ ಬೇಕು ಎಂದ ಸ್ಕ್ರೂ ಅಣ್ಣ.

"ಬೇಡಣ್ಣ, ಅರ್ಥ ಆಗುತ್ತಲ್ಲ, ಸಾಕು," ಎಂದಳು ಅವಳು.

ಶನಿವಾರ ಹನ್ನೊಂದಕ್ಕೆ ಡಾಕ್ಟರಮ್ಮ ಬಂದಾಗ ಎಲ್ಲ ಸಿದ್ಧವಾಗಿತ್ತು. ಮುಚ್ಚಳವಿಲ್ಲದ ಪೆಟ್ಟಿಗೆ, ಅದರ ಮುಂದೆ ಸ್ಕ್ರೂ ಅಣ್ಣ ಕೊಟ್ಟು ಕಳಿಸಿದ ಅದೇ ಫ್ಯಾನು, ಮಂಚದ ಕಾಲ್ದೆಸೆಯಲ್ಲಿ ಟೀವಿ. ವಾರ್ಡಿನ ಹೆಂಗಸು ಜಾಯ್‌ಸ್ಟಿಕ್ಕನ್ನು ತನ್ನ ಎರಡೂ ಅಂಗೈಯಲ್ಲಿ ಹಿಡಿದುಕೊಂಡಿದ್ದಳು. ಯಾಕೆ ಎಂದು ಮಗಳು ನೋಡಿದ್ದಕ್ಕೆ, "ತಣ್ಣಗಿತ್ತಕ್ಕ, ಬೆಚ್ಚಗೆ ಮಾಡ್ತಿದೀನಿ," ಎಂದು ಅದನ್ನು ಅವನ ಕೈಯೊಳಗಿಟ್ಟು, ಬೆರಳುಗಳನ್ನು ಒಂದೊಂದಾಗಿ ಮಡಿಸಿದಳು.

"ಅಪ್ಪ, ಡಾಕ್ಟರು ಕೇಳ್ತಾರೆ. ನಿಂಗೆ ಬೇಕಾದ ಅಕ್ಷರಕ್ಕೆ ಹೋಗಿ ಒತ್ತು. ಅಷ್ಟೇ, ಒತ್ತು," ಎಂದಳು ಮಗಳು.

ಹೆಬ್ಬೆರಳು ಎದ್ದಿತು. ಡಾಕ್ಟರಮ್ಮ ಬಾಗಿ, ಸ್ಪಷ್ಟವಾಗಿ, ಇದು ಹಗಲೋ ರಾತ್ರಿಯೋ ಎಂದು ಕೇಳಿದರು. ಟಿಕ್ ಟಿಕ್ ಎಂದು ಹಳದಿ ಗುರುತು ಮೇಲಕ್ಕೆ ಹೋಯಿತು, ಎಡಕ್ಕೆ ಹೋಯಿತು, ನಿಂತಿತು. ಘ. ಗುರುತು ಮತ್ತೆ ಪರದೆಯ ನಡುವಿಗೆ ಬಂತು. ಮತ್ತೆ ಹೊರಟಿತು. ಡ. ಮತ್ತೆ ನಡುವಿಗೆ. ಆರು ಅಕ್ಷರ ಮೂಡಲು ಹತ್ತು ನಿಮಿಷ ಹಿಡಿಯಿತು. ಕೆಳಗೆ 'ಘಡಯಖಣವ' ಎಂದಿತ್ತು.

ಡಾಕ್ಟರಮ್ಮ ಅದನ್ನು ಹಿಂದಿನಿಂದ ಮುಂದಕ್ಕೂ ಓದಿ ನೋಡಿದರು. ಎಷ್ಟು ಜನ ಮಕ್ಕಳು ಎಂದು ಕೇಳಿದರು. ಘಡಯಖಣವ. ಕೈಯಲ್ಲಿ ಪೆನ್ನು ಹಿಡಿದು, ಇದೇನು ಎಂದು ಕೇಳಿದರು. ಘಡಯಖಣವ. ಮಗಳು ಮಂಚದ ಪಕ್ಕ ಮಂಡಿಯೂರಿ ಕುಳಿತು ಅವನ ಕಿವಿಯಲ್ಲಿ, ಅಪ್ಪ, ಒಂದೇ ಒಂದು, ನನ್ನನ್ನು ಏನು ಕರೆಯುತ್ತಿದ್ದೆ ಅಷ್ಟು ಒತ್ತು ಎಂದು ಬೇಡಿಕೊಂಡಳು. ಅದೇ ಆರು ಅಕ್ಷರ, ಅದೇ ಕ್ರಮದಲ್ಲಿ, ಸಾವಧಾನವಾಗಿ ಮತ್ತೆ ಬಂದವು. ಡಾಕ್ಟರಮ್ಮ ಊಟಕ್ಕೆ ಏಳಲಿಲ್ಲ. ಮೂರು ಗಂಟೆ ದಾಟುವ ತನಕ ಕೂತು ಪ್ರಶ್ನೆಗಳನ್ನು ಬದಲಿಸಿ ಬದಲಿಸಿ ಕೇಳಿದರು. ಕೊನೆಗೆ ಕನ್ನಡಕ ತೆಗೆದು ಒರೆಸಿಕೊಂಡರು.

"ನೋಡಮ್ಮ, ಏನು ಕೇಳಿದ್ರೂ ಒಂದೇ ಉತ್ತರ. ಅದು ಉತ್ತರ ಅಲ್ಲ. ಬೆರಳಿಗೆ ಒಂದು ದಾರಿ ರೂಢಿಯಾಗಿದೆ, ಹೋಗುತ್ತೆ, ಬರುತ್ತೆ. ನಂಗೂ ಬೇರೆ ಏನಾದ್ರೂ ಬರೀಬೇಕು ಅಂತಲೇ ಆಸೆ ಇತ್ತು," ಎಂದು ಕಾಗದಕ್ಕೆ ಸಹಿ ಹಾಕಿದರು. ಹೋಗುವಾಗ ತಾಯಿಯ ಹೆಗಲ ಮೇಲೆ ಒಂದು ಕ್ಷಣ ಕೈಯಿಟ್ಟರು.

ಇಷ್ಟು ಹೊತ್ತೂ ತಾಯಿ ತಲೆದೆಸೆಯ ಸ್ಟೂಲಿನ ಮೇಲೆ ಕೂತಿದ್ದಳು. ಅಡ್ಡಕ್ಕೆ ಡಾಕ್ಟರಮ್ಮ ಇದ್ದುದರಿಂದ ಅಲ್ಲಿಂದ ಅವಳಿಗೆ ಪರದೆ ಕಾಣುತ್ತಿರಲಿಲ್ಲ. ಗಂಡನ ಕೈ ಮಾತ್ರ ಕಾಣುತ್ತಿತ್ತು.

ಮಗಳು ಗೋಡೆಯತ್ತ ತಿರುಗಿ ನಿಂತಳು. ನಾಲ್ಕು ದಿನ ತಾನು ಮಾಡಿದ್ದು ಏನು? ಸುಮ್ಮನೆ ಆಡಿಕೊಂಡಿರುತ್ತಿದ್ದ ಪೆಟ್ಟಿಗೆಯೊಳಗಿನದನ್ನೆಲ್ಲ ಅಳಿಸಿಹಾಕಿ, ಅಪ್ಪನ ತಲೆಯಲ್ಲಿ ಏನೂ ಉಳಿದಿಲ್ಲವೆಂದು ಬರೆಸಿಕೊಂಡ ಹಾಗಾಯಿತು. ಪರೀಕ್ಷೆಗೆ ಈ ಪೆಟ್ಟಿಗೆಯನ್ನೇ ತರದಿದ್ದರೆ ಇನ್ನಷ್ಟು ದಿನ ಸಂಶಯದ ಲಾಭವಾದರೂ ಸಿಗುತ್ತಿತ್ತೇನೋ. ವಾರ್ಡಿನ ಹೆಂಗಸು ಸದ್ದಾಗದಂತೆ ಕಪಾಟಿನಿಂದ ಅವನ ಬಟ್ಟೆ ತೆಗೆದು ಚೀಲಕ್ಕೆ ತುಂಬುತ್ತಿದ್ದಳು. ಕಾಲರುಗಳು ಮುದುಡದಂತೆ ಒಂದೊಂದನ್ನೂ ಬೇರೆಯಾಗಿ ಮಡಿಸುತ್ತಿದ್ದಳು. ಕೆಳಗೆ ಅಂಗಳದಲ್ಲಿ ವ್ಯಾನು ಬಂದು ನಿಂತ ಸದ್ದಾಯಿತು. ಎಂಜಿನ್ ಓಡುತ್ತಲೇ ಇತ್ತು. ಗಂಟೆ ನಾಲ್ಕಕ್ಕೆ ಇನ್ನೂ ಅರ್ಧ ಗಂಟೆಯಿತ್ತು.

ಮಗಳು ಪ್ಲಗ್ ಕೀಳಲು ಬಾಗಿದಳು.

"ತೆಗೀಬೇಡ," ಎಂದಳು ತಾಯಿ.

"ಇನ್ನೇನಮ್ಮ ಇದೆ?"

"ನಿಮ್ಮಪ್ಪ ಇನ್ನೂ ಜೋಡಿಸ್ತಿದಾರೆ ಕಣೆ."

ಮಗಳು ತಿರುಗಿ ನೋಡಿದಳು. ಹೆಬ್ಬೆರಳು ನಿಜಕ್ಕೂ ಓಡಾಡುತ್ತಿತ್ತು. ಯಾರೂ ಏನೂ ಕೇಳದಿದ್ದರೂ ಘ ಮೂಡಿತು, ಡ ಮೂಡಿತು.

"ನೀವೆಲ್ಲ ಟೀವಿ ನೋಡ್ತಿದ್ರಿ, ನಾನು ಕೈ ನೋಡ್ತಿದ್ದೆ," ಎಂದಳು ತಾಯಿ, ಸ್ಟೂಲನ್ನು ಮುಂದಕ್ಕೆ ಎಳೆದುಕೊಂಡು. "ಒಂದು ಅಕ್ಷರ ತಗೊಂಡ್ಮೇಲೆ ಪ್ರತಿ ಸಲ ಮಧ್ಯಕ್ಕೆ ವಾಪಸ್ ಬರುತ್ತೆ ನೋಡು. ಸುಮ್ನೆ ಬರ್ತಿಲ್ಲ ಅದು. ಸ್ಟಿಕ್ಕಿಗೆ ಮೊಳೆ ಇಡಕ್ಕೆ ಬರೋ ಕೈ ಅದು."

ಅಪ್ಪ ಮೂವತ್ತೊಂದು ವರ್ಷ ಅಚ್ಚುಕೂಟದಲ್ಲಿ ಮೊಳೆ ಜೋಡಿಸಿದವನು. ಇಳಿಜಾರಾಗಿ ನಿಲ್ಲಿಸಿದ ಮರದ ಕೇಸು, ಅದರ ತುಂಬ ಸಣ್ಣ ಸಣ್ಣ ಮನೆಗಳು, ಒಂದೊಂದು ಮನೆಯಲ್ಲೂ ಒಂದೊಂದು ಅಕ್ಷರದ ಸೀಸದ ಮೊಳೆ. ಎಡಗೈಯಲ್ಲಿ ಹಿಡಿದ ಲೋಹದ ಪಟ್ಟಿಗೆ ಸ್ಟಿಕ್ಕು ಎನ್ನುತ್ತಿದ್ದರು. ಕೇಸಿನ ಕಡೆ ನೋಡದೆ, ಕಣ್ಣನ್ನು ಹಸ್ತಪ್ರತಿಯ ಮೇಲೇ ಇಟ್ಟು, ಬಲಗೈಯಿಂದ ಮೊಳೆ ತೆಗೆದು ತೆಗೆದು ಸ್ಟಿಕ್ಕಿನಲ್ಲಿ ಕೂರಿಸುತ್ತಿದ್ದ. ತಾಯಿ ಕೆಲಸ ಮಾಡುತ್ತಿದ್ದದ್ದೂ ಅದೇ ಅಚ್ಚುಕೂಟದಲ್ಲಿ. ಅಚ್ಚಾದ ಮೇಲೆ ಪುಟ ಬಿಚ್ಚಿ, ಮೊಳೆಗಳನ್ನು ತೊಳೆದು, ಮತ್ತೆ ಅವುಗಳ ಮನೆಗೆ ಹಂಚುವುದು ಅವಳ ಪಾಲಿಗಿತ್ತು. ಅವನು ತೆಗೆದದ್ದನ್ನು ಅವಳು ವಾಪಸ್ಸು ಹಾಕುತ್ತಿದ್ದಳು. ಮದುವೆಗೆ ಮುಂಚೆ ಎರಡು ವರ್ಷ ಅವರಿಬ್ಬರ ನಡುವೆ ಇದ್ದ ಮಾತುಕತೆ ಅಷ್ಟೇ ಎಂದು ಅವಳು ನಗುತ್ತಿದ್ದುದುಂಟು.

"ಅಕ್ಷರ ಎಲ್ಲಿದೆ ಅಂತ ಅವರಿಗೆ ಕಾಣ್ತಿಲ್ಲ. ಅಷ್ಟು ಚಿಕ್ಕದು ಕಾಣಲ್ಲ," ಎಂದಳು ತಾಯಿ. "ಕೇಸಲ್ಲಿ ಎಲ್ಲಿತ್ತೋ ಅಲ್ಲಿಗೆ ಹೋಗ್ತಿದಾರೆ. ನೀನು ಮನೆ ಬದಲಾಯಿಸಿಟ್ಟಿದೀಯ."

ಮಗಳು ಕೈಗೆ ಸಿಕ್ಕಿದ ಕಾಗದ ಎಳೆದುಕೊಂಡಳು. ಅದು ಡಾಕ್ಟರಮ್ಮ ಸಹಿ ಹಾಕಿಟ್ಟುಹೋದ ಹಾಳೆ, ಹಿಂಬದಿ ಖಾಲಿಯಿತ್ತು. ಅವನು ಮತ್ತೆ ಮೊದಲಿನಿಂದ ಶುರು ಮಾಡುವುದನ್ನು ಕಾದು, ಟಿಕ್ಕುಗಳನ್ನು ಎಣಿಸಿ ಗಟ್ಟಿಯಾಗಿ ಹೇಳಿದಳು. ಮೇಲಕ್ಕೆ ಮೂರು, ಎಡಕ್ಕೆ ನಾಲ್ಕು.

ತಾಯಿ ಕಣ್ಣು ಮುಚ್ಚಿದಳು. ಬಲಗೈಯನ್ನು ಎದೆಯ ಮುಂದೆ ಚಾಚಿ, ಇಲ್ಲದ ಕೇಸಿನ ಮೇಲೆ ಆಡಿಸಿದಳು. ಕೈ ಒಂದು ಕಡೆ ಅನುಮಾನಿಸಿತು, ಪಕ್ಕಕ್ಕೆ ಸರಿಯಿತು, ಬೆರಳುಗಳು ಏನನ್ನೋ ಬಿಡುವಂತೆ ತೆರೆದುಕೊಂಡವು.

"ಒ," ಎಂದಳು.

ಕೆಳಕ್ಕೆ ಒಂದು, ಬಲಕ್ಕೆ ಎರಡು. "ತು. ಅದು ಒಂದೇ ಮೊಳೆ." ಕೆಳಕ್ಕೆ ಮೂರು, ಬಲಕ್ಕೆ ಎರಡು. ತಾಯಿಯ ಕೈ ಬಹಳ ಹೊತ್ತು ಗಾಳಿಯಲ್ಲೇ ನಿಂತಿತು. "ಮರ್ತ್‌ಹೋಗಿದೆ ಕಣೆ. ಕೆಳಗಿನ ಸಾಲು ಒತ್ತುಗಳದ್ದು... ತಾಳು. ಕ, ಗ, ಚ..." ಬೆರಳು ತೆರೆದುಕೊಂಡಿತು. "ತಕಾರದ ಒತ್ತು."

ವಾರ್ಡಿನ ಹೆಂಗಸು ಚೀಲ ಕೆಳಗಿಟ್ಟು ಹತ್ತಿರ ಬಂದು ನಿಂತಳು. ಮುಂದಿನದು ಇ. ಆಮೇಲೆ ಲ. ಕೊನೆಯದಕ್ಕೆ ತಾಯಿ ಕಾಯಲೇ ಇಲ್ಲ. ಎಣಿಕೆ ಮುಗಿಯುವ ಮೊದಲೇ ಅವಳ ಕೈ ಅಲ್ಲಿತ್ತು.

ಮಗಳು ಬರೆದದ್ದನ್ನು ಕೂಡಿಸಿ ಓದಿದಳು: ಒತ್ತು ಇಲ್ಲ.

ಬೆಳಗಿನಿಂದ ಅವಳು ಅವನಿಗೆ ಹೇಳುತ್ತಿದ್ದದ್ದು ಒಂದೇ ಮಾತು: ಒತ್ತು, ಅಪ್ಪ, ಒತ್ತು. "ಒತ್ತಲ್ಲ ಅಂತ ಹೇಳ್ತಿದಾನಾ?" ಎಂದಳು. "ಸಾಕಾಗಿದೆ, ಬಿಟ್ಟುಬಿಡಿ ಅಂತಾನಾ ಅಮ್ಮ?"

ತಾಯಿ ಮಂಚದ ಪಕ್ಕದಿಂದ ಎದ್ದು, ಅವತ್ತು ಮೊದಲ ಸಲ, ಗಂಡನ ತಲೆಯ ಮಟ್ಟಕ್ಕೆ ಬಾಗಿ ಅವನು ನೋಡುತ್ತಿದ್ದ ಕಡೆ ನೋಡಿದಳು. ಮಗಳೂ ಆ ಕಡೆ ತಿರುಗಿದಳು. ಸಣ್ಣ ಮನೆಗಳೆಲ್ಲ ಅಲ್ಲಿಂದ ಬೂದು ಬಣ್ಣದ ಜಾಲದ ಹಾಗೆ ಕಂಡವು. ಅದರ ಮೇಲೆ, ಅಂಗೈಯಗಲದ ಅಕ್ಷರಗಳಲ್ಲಿ, 'ಅಪ್‌ಪ'.

ಅವಳಿಗೆ ಎರಡನೇ ತರಗತಿಯ ತನ್ನ ಕಾಪಿ ಪುಸ್ತಕ ನೆನಪಾಯಿತು. ಅಪ್ಪನಿಗೆ ಏನು ತೋರಿಸಿದರೂ ಮೊದಲ ತಪ್ಪು ಸಿಕ್ಕಿದ ಕಡೆ ಅವನ ಬೆರಳು ನಿಂತುಬಿಡುತ್ತಿತ್ತು. ಕತೆ ಎಷ್ಟೇ ಚೆನ್ನಾಗಿರಲಿ, ಅದನ್ನು ತಿದ್ದದೆ ಒಂದಕ್ಷರ ಮುಂದೆ ಓದುತ್ತಿರಲಿಲ್ಲ. ಅವಳು ಅಳುತ್ತ ರಬ್ಬರು ತರಲು ಹೋಗುತ್ತಿದ್ದಳು. ತಿದ್ದಿದ ಮೇಲೆ ಬೆರಳು ಎತ್ತಿ, ಹ್ಞಾಂ, ಮುಂದೆ, ಎನ್ನುತ್ತಿದ್ದ.

"ಟೇಪಿದ್ಯಾ?" ಎಂದಳು ಮಗಳು.

ವಾರ್ಡಿನ ಹೆಂಗಸು ಗಾಯಕ್ಕೆ ಹಚ್ಚುವ ಬಿಳಿ ಟೇಪಿನ ಸುರುಳಿಯನ್ನು ಜೇಬಿನಿಂದ ತೆಗೆದು ಕೊಟ್ಟಳು. ಕೊಟ್ಟವಳು ಅಲ್ಲಿ ನಿಲ್ಲದೆ, ವ್ಯಾನಿನವನಿಗೆ ಒಂದು ಮಾತು ಹೇಳಿ, ಡಾಕ್ಟರಮ್ಮ ಊಟಕ್ಕೆ ಕೂತಿದ್ದಾರೆ, ಅವರನ್ನೂ ಎಬ್ಬಿಸಿ ಬರುತ್ತೇನೆ ಎಂದು ಮೆಟ್ಟಿಲಿಳಿದು ಹೋದಳು. ಮಗಳು ಹಾಳೆಯ ಅರ್ಧ ಹರಿದು, ಅದರ ಮೇಲೆ ದಪ್ಪಗೆ 'ಪ್ಪ' ಎಂದು ಬರೆದಳು. ಅವಸರಕ್ಕೆ ಒತ್ತು ಸ್ವಲ್ಪ ಸೊಟ್ಟಗಾಯಿತು. ಅದನ್ನು ಹರಿದುಹಾಕಿ ಮತ್ತೆ ಬರೆದಳು. ಬೆಚ್ಚಗಿದ್ದ ಗಾಜಿನ ಮೇಲೆ, ಪಕಾರವೂ ಪಕ್ಕಕ್ಕೆ ನಿಂತಿದ್ದ ಅಕ್ಷರವೂ ಪೂರ್ತಿ ಮುಚ್ಚುವ ಹಾಗೆ ಚೀಟಿಯನ್ನಿಟ್ಟು, ನಾಲ್ಕೂ ಮೂಲೆಗೆ ಟೇಪು ಹಚ್ಚಿ, ಹೆಬ್ಬೆರಳಿನಿಂದ ಒತ್ತಿದಳು.

ಅವನ ಹೆಬ್ಬೆರಳು ಡಕಾರದ ದಾರಿಯಲ್ಲಿ ಅರ್ಧಕ್ಕೆ ನಿಂತಿತ್ತು. ನಿಂತೇ ಇತ್ತು. ಪೆಟ್ಟಿಗೆಯ ಮುಂದೆ ಫ್ಯಾನು ತಿರುಗುತ್ತಿತ್ತು. ಕೆಳಗೆ ವ್ಯಾನಿನ ಎಂಜಿನ್ನು ಒಮ್ಮೆ ಕೆಮ್ಮಿ ಸುಮ್ಮನಾಯಿತು. ಅಷ್ಟು ಹೊತ್ತೂ ಅದು ಓಡುತ್ತಿತ್ತೆಂಬುದು ಆಗ ತಿಳಿಯಿತು.

ಟಿಕ್.

ಗುರುತು ನಡುವಿಗೆ ಬಂತು. ಅಲ್ಲಿಂದ ಹೊರಟು, ಬೆಳಗಿನಿಂದ ಒಮ್ಮೆಯೂ ಹೋಗದಿದ್ದ ದಿಕ್ಕಿಗೆ ತಿರುಗಿತು. ಮಗಳು ಎಣಿಸತೊಡಗಿದಳು. ತಾಯಿ ಸ್ಟೂಲಿನ ಮೇಲೆ ನೆಟ್ಟಗೆ ಕುಳಿತು, ಸೆರಗಿನಿಂದ ಬಲಗೈ ಒರೆಸಿಕೊಂಡು, ಕಣ್ಣು ಮುಚ್ಚಿ ಕೈ ಮುಂದೆ ಚಾಚಿದಳು.

"ಮು," ಎಂದಳು.